ಮಸಾನಾ ಇಲ್ಲದ ಮೈ

ಉರ್ದುವಿನಲ್ಲಿ ಮೂತ್ರಕೋಶಕ್ಕೆ ‘ಮಸಾನಾ’ ಎನ್ನುತ್ತಾರೆ. ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಹೈಸ್ಕೂಲಿನ ಬೆಂಚಿನಲ್ಲಿ ಕುಳಿತ ನನ್ನಂಥವರಿಗೆ ಎರಡು ಭಾಷೆಗಳ ನಡುವೆ ಇಂಥ ತೊಡರು ಸಿಕ್ಕಾಗಲೆಲ್ಲ ಒಳಗೊಳಗೇ ನಗು ಬರುತ್ತದೆ. 2022ರ ಆಗಸ್ಟಿನಲ್ಲಿ ಮಾತ್ರ ನಗು ಬರಲಿಲ್ಲ. ಅಮ್ಮಾ ಓಣಿಯ ಹೆಂಗಸರ ಮುಂದೆ ‘ಇಸ್ಕೆ ಮಸಾನೇ ಮೇ ಗಾಂಠ್ ಹೈ ಕತೆ’ ಎಂದು ಕಣ್ಣೊರೆಸಿಕೊಂಡರು. ಪಕ್ಕದ ಮನೆಯ ನೇಕಾರರ ಅವ್ವನಿಗೆ ಅದರಲ್ಲಿ ‘ಮಸಣ’ ಎಂಬುದಷ್ಟೇ ಕೇಳಿಸಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಂದು ರಾತ್ರಿ ಆ ಎರಡು ಪದಗಳ ನಡುವೆ ಎಷ್ಟು ದೂರವಿದೆ ಎಂದು ಲೆಕ್ಕ ಹಾಕುತ್ತ ಮಲಗಿದ್ದೆ.

ನಮ್ಮದು ರಂಗ್ರೇಜರ ಮನೆ. ಬೆಟಗೇರಿಯ ನೇಕಾರರಿಗೆ ನೂಲಿಗೆ ಬಣ್ಣ ಹಾಕಿಕೊಡುವುದು ದಾದಾನ ಕಾಲದ ಕಸುಬು. ಹಿತ್ತಲಿನಲ್ಲಿ ಹಂಡೆಗಳು ಕುದಿಯುತ್ತಿದ್ದವು. ಬಚ್ಚಲಿನಲ್ಲಿ ಒಂದು ದಿನ ಕೆಂಪು, ಒಂದು ದಿನ ನೀಲಿ ನೀರು ಹರಿಯುತ್ತಿತ್ತು. ಶಾಲೆ ಬಿಟ್ಟು ಬಂದು ಲಡಿಗಳನ್ನು ಅದ್ದಿ ತೆಗೆಯುವುದು ನಮ್ಮ ಕೆಲಸ. ಹೀಗಾಗಿ ಕೆಂಪು ನೀರು ನನ್ನನ್ನು ಬೇಗ ಹೆದರಿಸುವಂಥದ್ದಲ್ಲ. ಆದರೆ ಅದು ನನ್ನ ಮೈಯಿಂದಲೇ ಹೊರಬಂದ ದಿನ ಕಾಲು ನಡುಗಿತು. ನೋವಿಲ್ಲ, ಉರಿಯಿಲ್ಲ, ಬರೀ ಬಣ್ಣ. ಎರಡು ದಿನದಲ್ಲಿ ಅದೂ ತಾನಾಗಿ ತಿಳಿಯಾಯಿತು.

ನಮ್ಮಲ್ಲಿ ಇದಕ್ಕೆಲ್ಲ ಸಿದ್ಧ ಉತ್ತರಗಳಿವೆ. ಉಷ್ಣ ಆಗಿರಬೇಕು, ಎಳನೀರು ಕುಡಿ, ಹರಳಿರಬೇಕು, ಬಾಳೆದಿಂಡಿನ ರಸ ಕುಡಿ. ತಿಳಿಯಾದ ಮೇಲೆ ಮತ್ತೇಕೆ ದವಾಖಾನೆ ಎಂದವರೇ ಹೆಚ್ಚು. ಮೂತ್ರರೋಗದ ಡಾಕ್ಟರರು ಹೇಳಿದ್ದು ಇದಕ್ಕೆ ಉಲ್ಟಾ. ನೋವಿನೊಂದಿಗೆ ಬರುವ ರಕ್ತಕ್ಕಿಂತ ನೋವಿಲ್ಲದೆ ಬಂದು ಹೋಗುವ ರಕ್ತವನ್ನೇ ಹೆಚ್ಚು ಅನುಮಾನಿಸಬೇಕು, ಒಂದೇ ಸಲ ಕಂಡರೂ ಪರೀಕ್ಷೆ ತಪ್ಪಿಸಬಾರದು ಎಂದರು. ಸಿಸ್ಟೋಸ್ಕೋಪಿಯಲ್ಲಿ ಗಡ್ಡೆ ಕಂಡಿತು. ಅದನ್ನು ಒಳಗಿಂದಲೇ ಕೆರೆದು ಪರೀಕ್ಷೆಗೆ ಕಳಿಸಿದರು. ಮೂತ್ರಕೋಶದ ಸ್ನಾಯುವಿನ ಪದರಕ್ಕೆ ಬೇರು ಇಳಿದಿದೆ ಎಂದು ವರದಿ ಬಂತು. ಮೇಲ್ಪದರದಲ್ಲೇ ಇದ್ದರೆ ಕೆರೆದು, ಔಷಧ ತುಂಬಿ ಕಾಯಬಹುದಿತ್ತು. ಸ್ನಾಯುವಿಗೆ ಇಳಿದ ಮೇಲೆ ನನ್ನಂಥ ವಯಸ್ಸಿನವರಿಗೆ ಮೂತ್ರಕೋಶವನ್ನೇ ತೆಗೆಯುವುದು ಒಳ್ಳೆಯದು ಎಂದರು.

‘ಬೀಡಿ, ಸಿಗರೇಟು?’ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಈ ಕಾಯಿಲೆಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ. ಅದರ ವಿಷ ರಕ್ತದಲ್ಲಿ ಸೇರಿ, ಮೂತ್ರಪಿಂಡದಲ್ಲಿ ಸೋಸಿ ಬಂದು, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ‘ಕಸುಬು?’ ಎಂದು ಕೇಳಿದರು. ಬಣ್ಣದ್ದು ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಕೈ ನೋಡಿದರು. 1895ರಲ್ಲಿ ಜರ್ಮನಿಯ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯರು ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಈ ಗಡ್ಡೆಯನ್ನು ಗುರುತಿಸಿದ್ದರಂತೆ. ಕೆಲವು ಕೃತಕ ಬಣ್ಣಗಳಲ್ಲಿನ ರಾಸಾಯನಿಕಗಳು ಇಪ್ಪತ್ತು ಮೂವತ್ತು ವರ್ಷಗಳ ನಂತರವೂ ಲೆಕ್ಕ ಕೇಳಲು ಬರಬಲ್ಲವು. ಆದರೆ ಒಬ್ಬ ಮನುಷ್ಯನ ಮೈಯಲ್ಲಿ ಇದೇ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ ಎಂದೂ ಅವರೇ ಹೇಳಿದರು. ಆ ಮಾತಿಗೆ ನಾನು ಋಣಿ. ಉಗುರಿನ ನೀಲಿ ಮಾಸದೆಯೇ ಮಣ್ಣಾದ ಅಬ್ಬಾನ ಮೇಲೆ ಆರೋಪ ಹೊರಿಸಿ ಬದುಕುವುದು ನನ್ನಿಂದಾಗುತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ನಾಲ್ಕು ಸುತ್ತು ಕೀಮೋ. ಸಿಸ್‌ಪ್ಲಾಟಿನ್ ಮತ್ತು ಜೆಮ್‌ಸಿಟಾಬಿನ್ ಎಂಬ ಎರಡು ಔಷಧಿ, ಇಪ್ಪತ್ತೊಂದು ದಿನಕ್ಕೆ ಒಂದು ಸುತ್ತು. ಆ ಮೂರು ತಿಂಗಳು ಬಾಯಿಗೆ ತಾಮ್ರದ ರುಚಿ. ಅದು ಮುಗಿದು ರಕ್ತದ ಲೆಕ್ಕ ಸರಿಹೋಗುವವರೆಗೆ ಮನೆಯಲ್ಲಿ ತಯಾರಿ: ದಿನಕ್ಕೆ ಎರಡು ಮೈಲಿ ನಡಿಗೆ, ಮೊಟ್ಟೆ, ಬೇಳೆ, ಮೂರು ಚೆಂಡುಗಳ ಪ್ಲಾಸ್ಟಿಕ್ ಯಂತ್ರವನ್ನು ಉಸಿರಿನಿಂದ ಎತ್ತುವ ಅಭ್ಯಾಸ. ನಾನು ಎರಡು ಚೆಂಡು ಎತ್ತಿದರೆ ಸಣ್ಣ ಮಗಳು ಮೂರನ್ನೂ ಎತ್ತಿ ನಗುತ್ತಿದ್ದಳು.

ಮೂತ್ರಕೋಶ ಹೋದ ಮೇಲೆ ಮೂತ್ರ ಎಲ್ಲಿಗೆ ಹೋಗಬೇಕು? ಕರುಳಿನ ತುಂಡಿನಿಂದ ಒಳಗೇ ಹೊಸ ಚೀಲ ಹೊಲಿಯುವುದು ಒಂದು ದಾರಿ. ನನ್ನ ಗಡ್ಡೆ ಮೂತ್ರಮಾರ್ಗಕ್ಕೆ ತಾಗಿ ಇದ್ದುದರಿಂದ ಆ ದಾರಿ ಮುಚ್ಚಿತ್ತು. ಉಳಿದದ್ದು ಅಮೆರಿಕದ ಬ್ರಿಕರ್ ಎಂಬ ವೈದ್ಯರು 1950ರಲ್ಲಿ ಪ್ರಚಾರಕ್ಕೆ ತಂದ ವಿಧಾನ. ಸಣ್ಣಕರುಳಿನಿಂದ ಒಂದು ಗೇಣಿಗಿಂತ ಕಡಿಮೆ ತುಂಡನ್ನು ಬೇರ್ಪಡಿಸಿ, ಮೂತ್ರಪಿಂಡದಿಂದ ಇಳಿದು ಬರುವ ಎರಡೂ ನಾಳಗಳನ್ನು ಅದಕ್ಕೆ ಹೊಲಿದು, ಇನ್ನೊಂದು ತುದಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತೆರೆಯುತ್ತಾರೆ. ಆ ತೆರಪಿಗೆ ‘ಸ್ಟೋಮಾ’ ಎನ್ನುತ್ತಾರೆ; ಗ್ರೀಕ್ ಭಾಷೆಯಲ್ಲಿ ಬಾಯಿ ಎಂದರ್ಥ. ಅದರ ಮೇಲೆ ಚೀಲ ಅಂಟಿಸಿಕೊಳ್ಳಬೇಕು, ಕೊನೆಯವರೆಗೆ.

ಹಿಂದಿನ ದಿನ ಸಂಜೆ ಸ್ಟೋಮಾ ಸಿಸ್ಟರ್ ಕಪ್ಪು ಪೆನ್ನು ಹಿಡಿದು ಬಂದರು. ಲುಂಗಿ ಎಲ್ಲಿ ಕಟ್ಟುತ್ತೀರಿ, ಪ್ಯಾಂಟಿನ ಬೆಲ್ಟು ಎಲ್ಲಿ ಬರುತ್ತದೆ ಎಂದು ವಿಚಾರಿಸಿದರು. ಕೂರಿಸಿ, ನಿಲ್ಲಿಸಿ, ಮಲಗಿಸಿ ಹೊಟ್ಟೆಯ ಮಡಿಕೆಗಳನ್ನು ನೋಡಿದರು. ಆಮೇಲೆ, ‘ನಮಾಜ್ ಮಾಡ್ತೀರಲ್ವಾ? ಹಾಗಾದ್ರೆ ಮಾಡಿ ತೋರಿಸಿ, ಬಗ್ಗಿದಾಗ ಚೀಲ ಮಡಚಬಾರದು’ ಎಂದರು. ವಾರ್ಡಿನ ನೆಲದ ಮೇಲೆ ಬೆಡ್‌ಶೀಟು ಹಾಸಿದರು. ವುಜೂ ಇಲ್ಲ, ಕಿಬ್ಲಾದ ದಿಕ್ಕಿಲ್ಲ, ಬಾಯಲ್ಲಿ ಯಾವ ಆಯತ್ತೂ ಇಲ್ಲ. ರುಕೂಗೆ ಬಗ್ಗಿದೆ, ಸಜ್ದಾಕ್ಕೆ ಹಣೆ ಇಟ್ಟೆ, ಕುಳಿತೆ. ಅವರು ಪಕ್ಕದಲ್ಲಿ ಮಂಡಿಯೂರಿ ಎರಡು ಸಲ ಗುರುತು ಅಳಿಸಿ ಮೂರನೆಯ ಸಲ ಒಂದು ವೃತ್ತ ಬರೆದರು. ಅದನ್ನು ನಮಾಜು ಎನ್ನಲಾಗದು. ಆದರೂ ಅಷ್ಟು ಎಚ್ಚರದಿಂದ ನಾನು ಎಂದೂ ಬಗ್ಗಿದ್ದಿಲ್ಲ.

2023ರ ಜನವರಿಯಲ್ಲಿ ಏಳು ತಾಸಿನ ಶಸ್ತ್ರಚಿಕಿತ್ಸೆ ಆಯಿತು. ಮೂತ್ರಕೋಶದ ಜೊತೆ ಪ್ರಾಸ್ಟೇಟ್, ಸುತ್ತಲಿನ ದುಗ್ಧರಸ ಗ್ರಂಥಿಗಳು ಹೋದವು. ಎಚ್ಚರವಾದಾಗ ಮೈತುಂಬ ನಳಿಗೆಗಳು. ಡಾಕ್ಟರರು ಬೆಳಿಗ್ಗೆ ಸಂಜೆ ಬಂದು ಕೇಳುತ್ತಿದ್ದದ್ದು ಒಂದೇ: ‘ಗಾಳಿ ಹೋಯ್ತಾ?’ ಕರುಳನ್ನು ಕತ್ತರಿಸಿ ಜೋಡಿಸಿದ ಮೇಲೆ ಅದು ಕೆಲವು ದಿನ ಮುನಿಸಿಕೊಂಡು ಮಲಗಿಬಿಡುತ್ತದೆ. ಐದನೆಯ ದಿನ ಗಾಳಿ ಹೋಯಿತು. ಅಮ್ಮಾ ಕಾರಿಡಾರಿನಲ್ಲಿ ಶುಕ್ರಾನಾ ನಮಾಜು ಮಾಡಿದರು. ಇಂಥದಕ್ಕೂ ಕೃತಜ್ಞತೆ ಸಲ್ಲಿಸಬೇಕಾದೀತೆಂದು ಯಾರಿಗೆ ಗೊತ್ತಿತ್ತು!

ನಾನು ಹೊಟ್ಟೆಯನ್ನು ನೋಡಿಕೊಂಡಿರಲಿಲ್ಲ. ಹೆಂಡತಿಯೇ ಮೊದಲು ನೋಡಿದಳು. ಆಕೆ ಬ್ಲೌಸು ಹೊಲಿಯುವವಳು. ‘ಹೊಲಿಗೆ ಚೆನ್ನಾಗಿದೆ’ ಎಂದಳು, ಅಷ್ಟೇ. ಅದು ಕೆಂಪಗೆ, ಒದ್ದೆಯಾಗಿ, ಮುಟ್ಟಿದರೆ ನೋವಾಗದ ಮಾಂಸ. ಆಗಾಗ ತಾನೇ ಅಲುಗುತ್ತದೆ. ಕರುಳಿಗೆ ತಾನಿನ್ನೂ ಕರುಳೇ ಎಂಬ ನೆನಪು. ಅದರೊಳಗಿಂದ ಎರಡು ತೆಳ್ಳನೆಯ ನಳಿಗೆಗಳು ಹೊರಬಂದಿದ್ದವು, ಹತ್ತು ದಿನಕ್ಕೆ ತೆಗೆದರು. ಮೂತ್ರದಲ್ಲಿ ಲೋಳೆ ಬರುವುದು ಕಂಡು ಹೆದರಿದರೆ, ಅದು ಕರುಳಿನ ಸ್ವಭಾವ, ಬರಲಿ ಎಂದರು ಸಿಸ್ಟರ್.

ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತ ಹೋಗುತ್ತದೆ. ಚೀಲದ ಅಂಟುಪಟ್ಟಿಯ ತೂತು ಅದಕ್ಕೆ ಸರಿಯಾಗಿರಬೇಕು. ದೊಡ್ಡದಾದರೆ ಮೂತ್ರ ತಾಗಿ ಚರ್ಮ ಸುಡುತ್ತದೆ. ಹೆಂಡತಿ ಹಳೆಯ ಮದುವೆ ಪತ್ರಿಕೆಗಳ ರಟ್ಟಿನಲ್ಲಿ ವಾರವಾರದ ಅಳತೆ ಕತ್ತರಿಸಿ ದಾರದಲ್ಲಿ ಪೋಣಿಸಿಟ್ಟಳು. ಬೆಳಿಗ್ಗೆ ಚಹಾಕ್ಕೆ ಮೊದಲು, ಮೂತ್ರ ಕಡಿಮೆ ತೊಟ್ಟಿಕ್ಕುವಾಗ ಚೀಲ ಬದಲಿಸಬೇಕು. ಮೂರನೆಯ ಒಂದು ಭಾಗ ತುಂಬಿದರೆ ಬರಿದು ಮಾಡಬೇಕು. ರಾತ್ರಿ ಉದ್ದನೆಯ ನಳಿಗೆಯ ದೊಡ್ಡ ಚೀಲ, ಮಂಚದ ಕೆಳಗೆ ಬಕೀಟಿನಲ್ಲಿ. ನಾಲ್ಕು ದಿನಕ್ಕೊಂದು ಚೀಲ, ಒಂದಕ್ಕೆ ನೂರಾರು ರೂಪಾಯಿ. ಆಪರೇಷನ್ನಿಗೆ ಕೈಯೊಡ್ಡಿದರೆ ಕೊಡುವವರಿದ್ದಾರೆ, ಚೀಲಕ್ಕೆಂದು ಹೇಗೆ ಕೇಳುವುದು?

ಗಂಡ ಹೆಂಡಿರ ನಡುವಿನ ಬದುಕಿನ ಬಗ್ಗೆ ಡಾಕ್ಟರರು ಮೊದಲೇ, ಇಬ್ಬರನ್ನೂ ಕೂರಿಸಿ ಹೇಳಿದ್ದರು: ನರಗಳು ಉಳಿಯಬಹುದು, ಉಳಿಯದಿರಬಹುದು. ಕಥೆ ಬರೆಯುವವನ ಕೈಯಲ್ಲೂ ಇದಕ್ಕೆ ಪದಗಳಿಲ್ಲ. ಊರಿಗೆ ಬಂದ ಮೇಲೆ ಎಷ್ಟೋ ರಾತ್ರಿ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಒಂದು ರಾತ್ರಿ ಅವಳು ಬಕೀಟನ್ನು ಮಂಚದ ಆ ಬದಿಗೆ ಸರಿಸಿ, ‘ಈಗ ಈ ಕಡೆ ತಿರುಗಬಹುದಲ್ಲ’ ಎಂದಳು.

ಎಲ್ಲಕ್ಕಿಂತ ಹೆಚ್ಚು ಕೊರೆದದ್ದು ತಹಾರತ್, ಶುದ್ಧಿಯ ಪ್ರಶ್ನೆ. ಹನಿ ಬಿದ್ದರೆ ಬಟ್ಟೆ ಬದಲಿಸುವುದನ್ನು ಬಾಲ್ಯದಿಂದ ಕಲಿತವನು, ಸದಾ ಮೂತ್ರ ಹೊತ್ತುಕೊಂಡು ಜಮಾಅತ್ತಿನಲ್ಲಿ ನಿಲ್ಲುವುದೆಂತು? ನಮ್ಮ ಮೌಲಾನಾ ಸಮಾಧಾನದಿಂದ ಕೇಳಿಸಿಕೊಂಡರು. ತಡೆಯಲಾಗದೆ ಹರಿಯುವವನು ಶರೀಅತ್ತಿನಲ್ಲಿ ‘ಮಾಜೂರ್’. ಹನಫೀ ಕ್ರಮದಲ್ಲಿ ಅವನು ಪ್ರತಿ ನಮಾಜಿನ ವೇಳೆಗೆ ಹೊಸ ವುಜೂ ಮಾಡಿದರೆ ಆಯಿತು. ಆ ವೇಳೆ ಮುಗಿಯುವವರೆಗೆ ಈ ಹರಿವಿನಿಂದ ಅದು ಮುರಿಯದು. ‘ಇದೇನೂ ನಿನಗಾಗಿ ಇವತ್ತು ಹುಡುಕಿದ್ದಲ್ಲ, ಹಿಂದಿನವರೇ ಬರೆದಿಟ್ಟಿದ್ದಾರೆ’ ಎಂದರು. ನನಗಿಂತ ಎಷ್ಟೋ ಶತಮಾನಗಳ ಹಿಂದೆ ಯಾರೋ ಒಬ್ಬ ಹೀಗೆಯೇ ಸಂಕೋಚಪಡುತ್ತ ಕೇಳಿದ್ದಾನೆ ಎಂದಾಯಿತು. ಆ ಅಜ್ಞಾತನಿಗೆ ಮನಸ್ಸಿನಲ್ಲೇ ಸಲಾಮು ಹೇಳಿದೆ. ಆದರೆ ಮಾಜೂರನು ಆರೋಗ್ಯವಂತರಿಗೆ ಇಮಾಮನಾಗುವಂತಿಲ್ಲ. ಮನೆಯಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದ ಹದಿನಾರರ ಮಗ ಈಗ ಮುಂದೆ ನಿಲ್ಲುತ್ತಾನೆ. ಮೊದಲ ದಿನ ಅವನ ದನಿ ನಡುಗಿತು. ಈಗ ನನಗಿಂತ ಚೆನ್ನಾಗಿ ಓದುತ್ತಾನೆ.

ಆ ವರ್ಷದ ರಂಜಾನಿನಲ್ಲಿ ರೋಜಾ ಹಿಡಿಯಲಿಲ್ಲ. ದಿನಕ್ಕೆ ಎರಡು ಮೂರು ಲೀಟರ್ ನೀರು ಕುಡಿಯದಿದ್ದರೆ ಮೂತ್ರಪಿಂಡಕ್ಕೆ ಅಪಾಯ. ಕೋಣೆಯ ಬಾಗಿಲು ಹಾಕಿಕೊಂಡು ಹಗಲು ನೀರು ಕುಡಿಯುತ್ತಿದ್ದ ನನಗೆ ಅಮ್ಮಾನೇ ಬಾಗಿಲು ತೆಗೆಸಿ ಚೊಂಬು ಕೊಟ್ಟರು.

ಈಗ ತಪಾಸಣೆ ವರ್ಷಕ್ಕೊಮ್ಮೆ ಆಗಿದೆ. ಭಾರ ಎತ್ತುವುದಿಲ್ಲ, ಸ್ಟೋಮಾದ ಪಕ್ಕದಲ್ಲಿ ಕರುಳು ಉಬ್ಬಬಹುದು. ಕನಸಿನಲ್ಲಿ ಈಗಲೂ ಒಮ್ಮೊಮ್ಮೆ ಮೂತ್ರಕ್ಕೆ ಅವಸರವಾಗುತ್ತದೆ. ಎದ್ದಾಗ ಆ ಅವಸರವೇ ಇರುವುದಿಲ್ಲ.

ಕಳೆದ ತಿಂಗಳು ಸಿಸ್ಟರ್ ಒಬ್ಬ ಹಿರಿಯರನ್ನು ನನ್ನ ಬಳಿ ಕಳಿಸಿದ್ದರು. ಲಿಂಗಾಯತ ರೈತರು, ಅವರಿಗೂ ಇದೇ ಆಪರೇಷನ್. ಕ್ಯಾನ್ಸರಿನ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತು, ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು, ‘ಈ ಚೀಲ ಕಟ್ಟಿಕೊಂಡು ಪೂಜಿಗೆ ಕುಂಡ್ರಬಹುದೇನ್ರೀ?’ ಎಂದರು. ನಿಮ್ಮ ಅಯ್ಯನವರನ್ನು ಕೇಳಿರಿ, ನಾನು ನಮ್ಮವರನ್ನು ಕೇಳಿದ್ದೆ ಎಂದೆ. ಅಂಗಿ ಎತ್ತಿ ಚೀಲ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಹತ್ತಿರದಿಂದ ನೋಡಿದರು, ವಾಸನೆ ಇಲ್ಲ ಎಂದು ತಾವೇ ಹೇಳಿಕೊಂಡರು. ಹೊರಡುವಾಗ ಒಂದು ಮಾತು ಹೇಳಿ ಕಳಿಸಿದೆ: ‘ಸಿಸ್ಟರ್ ಪೆನ್ನು ಹಿಡಿದು ಬಂದಾಗ ದವಾಖಾನೆಯ ಪೈಜಾಮದಲ್ಲಿ ನಿಲ್ಲಬೇಡಿ. ನಿಮ್ಮ ಧೋತರ ಉಟ್ಟುಕೊಳ್ಳಿ. ಪೂಜೆಗೆ ಹೇಗೆ ಕೂಡುತ್ತೀರೋ ಹಾಗೆ ಅವರ ಮುಂದೆ ಕುಳಿತು ತೋರಿಸಿ.’