ಬಸ್ತಿಹಳ್ಳಿಯ ಕಲ್ಲೂ ನಮ್ಮ ಪುಸ್ತಕಗಳೂ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ದರ್ಶನ ಮಾಡಿಕೊಂಡು ಮರಳಿಬಿಡುವುದೇ ವಾಡಿಕೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿ ಸಿಕ್ಕುವುದು. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳಿವೆ. ಹೋದ ಮಾಘಮಾಸದಲ್ಲಿ ನಾನು ಅಲ್ಲಿಗೆ ಹೋದಾಗ ಕೈಚೀಲದಲ್ಲಿ ನಾನೇ ಬರೆದ ಪುಸ್ತಕದ ಒಂದು ಪ್ರತಿಯೂ, ಮನಸ್ಸಿನಲ್ಲಿ ಅದರ ಲಜ್ಜೆಯೂ ಇದ್ದವು.

ಸಂಗತಿಯನ್ನು ವಾಚಕರಿಂದ ಮುಚ್ಚಿಡುವುದೇಕೆ? ಸುಭಾಷಿತಗಳಿಗೆ ಕನ್ನಡದಲ್ಲಿ ತಾತ್ಪರ್ಯ ಬರೆದು, ಸ್ವಂತ ಖರ್ಚಿನಿಂದ 500 ಪ್ರತಿಗಳನ್ನು ಅಚ್ಚುಹಾಕಿಸಿದ್ದೆನು. ಮೊಮ್ಮಗನ ಉಪನಯನಕ್ಕೆ ಬಂದವರಿಗೆ ಹಂಚಬೇಕೆಂಬ ಆತುರದಲ್ಲಿ, ಕಡೆಯ ಕರಡಚ್ಚನ್ನು ಓದದೆಯೇ ಒಪ್ಪಿಗೆ ಕೊಟ್ಟೆನು. ಅರ್ಪಣೆಯ ಪುಟದಲ್ಲಿ ‘ಸ್ವಜನರಿಗೆ’ ಎಂದಿರಬೇಕಾದುದು ‘ಶ್ವಜನರಿಗೆ’ ಎಂದಾಯಿತು. ಒಂದಕ್ಷರ ತಪ್ಪಿ ಬಂಧುಗಳೆಲ್ಲ ನಾಯಿಗಳ ಬಳಗವಾದರು! ಅಣ್ಣನವರು ನಕ್ಕರು, ಅತ್ತಿಗೆಯವರು ನಗಲಿಲ್ಲ. ಮೂವತ್ತು ವರ್ಷ ಮಕ್ಕಳ ಸಕಾರ ಶಕಾರಗಳನ್ನು ತಿದ್ದಿದವನಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಬೇಕೆ?

ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪನು ತನ್ನ ತಂದೆ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಕಟ್ಟಿಸಿದನು. ಒಳಗಿನ ಕಂಬಗಳ ನುಣುಪು ಕನ್ನಡಿಯಂಥದು. ನೋಡುವವನ ಮುಖವೇ ಅದರಲ್ಲಿ ಕಾಣುವುದು. ಪ್ರತಿಷ್ಠೆಯ ಪ್ರಸಾದವು ತನಗೆ ತಲುಪಿದ ಹೊತ್ತಿನಲ್ಲೇ ಯುದ್ಧದಲ್ಲಿ ಜಯವೂ ಪುತ್ರಜನನವೂ ಒದಗಿದುದರಿಂದ ಅರಸನು ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನೆಂಬ ಸಂತೋಷದ ವೃತ್ತಾಂತವನ್ನು ಇಲ್ಲಿಯ ಶಾಸನವೇ ನಮಗೆ ತಿಳಿಸಿದೆ. ಶಾಸನಗಳಲ್ಲಿ ತಪ್ಪುಗಳೇ ಇರುವುದಿಲ್ಲವೆಂದಲ್ಲ. ಆದರೆ ಹಾರಿದ ಚಕ್ಕೆ ಮರಳಿ ಕಲ್ಲನ್ನು ಕೂಡದು. ಕಲ್ಲಿಗೆ ಶುದ್ಧಿಪತ್ರವನ್ನು ಅಂಟಿಸಲೂ ಆಗದು. ಆದಕಾರಣ ಉಳಿ ಇಡುವ ಮುನ್ನವೇ ಓದಿ ನೋಡಬೇಕು.

ಕಲ್ಲು ಕದಲದು, ಪುಸ್ತಕವು ಜನರನ್ನು ಹುಡುಕಿಕೊಂಡು ಹೋಗಬೇಕು. ಅದನ್ನೂ ನಮ್ಮವರು ಬಲ್ಲವರಾಗಿದ್ದರು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ಪ್ರಕಟಿಸಿದ ಮೇಲೆ, ಕದಲದ ಕಲ್ಲುಗಳ ಮಾತೂ ಓದುವ ಮನೆಗಳಿಗೆ ಬಂದಿತು.

ಈಗಲಾದರೋ ಹತ್ತು ಪ್ರತಿ ಬೇಕಾದರೆ ಹತ್ತನ್ನೇ ಅಚ್ಚುಹಾಕಿಸಬಹುದು. ಮನೆಯಲ್ಲಿ ಕುಳಿತು ದೂರವಾಣಿಯಲ್ಲಿ ಬೆರಳೊತ್ತಿದರೆ ಪುಸ್ತಕ ಬಾಗಿಲಿಗೇ ಬರುವುದು. ಇದು ಸಣ್ಣ ಉಪಕಾರವಲ್ಲ. ಆದರೆ ಬರೆದವನಿಗೂ ಕೊಳ್ಳುವವನಿಗೂ ನಡುವೆ ನಿಂತು ಸಾವಕಾಶವಾಗಿ ಓದುವ ಕಣ್ಣೊಂದು ಇರಬೇಕಷ್ಟೆ? ಕಾಗದ, ಹೊದಿಕೆ, ಚಿತ್ರಗಳಿಗೆ ಹಣ ಸುರಿಯುವ ನಾವು ಆ ಕಣ್ಣಿನ ಕೂಲಿಯನ್ನು ಮಾತ್ರ ಉಳಿಸಲು ನೋಡುತ್ತೇವೆ. ಗೃಹಸ್ಥರು ಪುಸ್ತಕ ಕೊಳ್ಳುವಾಗ ನಡುವಿನ ಒಂದು ಪುಟವನ್ನು ತೆರೆದು ಓದಲಿ. ತಪ್ಪು ಕಂಡರೆ ಅಂಗಡಿಯವರಿಗೆ ತಿಳಿಸಲಿ. ಕೇಳುವವರಿದ್ದರೆ ತಿದ್ದುವವರೂ ಹುಟ್ಟುವರು.

ಊರಿಗೆ ಮರಳಿದವನೇ ಉಳಿದ ಪ್ರತಿಗಳಲ್ಲಿ ಆ ಶಕಾರವನ್ನು ಮಸಿಯಿಂದ ತಿದ್ದಲು ಕುಳಿತೆನು. ಮೊದಲನೆಯ ಪ್ರತಿಯನ್ನು ಅತ್ತಿಗೆಯವರ ಕೈಗಿತ್ತೆನು. ಅವರು ಕನ್ನಡಕ ಏರಿಸಿ ಅರ್ಪಣೆಯನ್ನು ನೋಡಿ, “ಒಳಗಿನ ಪುಟಗಳನ್ನೂ ಓದಿದೆಯೇನಪ್ಪ?” ಎಂದರು.

ಇನ್ನೂ ಓದುತ್ತಿದ್ದೇನೆ.