ಆವರಣದೊಳಗಣ ಅರ್ಥ

ಬೀಜಗಣಿತವನ್ನು ಕಲಿತವರಿಗೆಲ್ಲ ಒಂದು ಚಪಲವುಂಟು. ಎರಡು ಆವರಣಗಳು ಪಕ್ಕಪಕ್ಕದಲ್ಲಿ ಕಂಡೊಡನೆಯೇ ಅವನ್ನು ಗುಣಿಸಿ ಹರಡಿಬಿಡಬೇಕೆನ್ನಿಸುವುದು. ಎಸ್ ಎಂಬ ಅವ್ಯಕ್ತವನ್ನು ಕುರಿತು (ಎಸ್ + ೨)(ಎಸ್ + ೫) ಎಂದಿದ್ದರೆ, ಎಸ್ ವರ್ಗ + ೭ ಎಸ್ + ೧೦ ಎಂದು ಬರೆದ ಮೇಲೆಯೇ ಮನಸ್ಸಿಗೆ ಸಮಾಧಾನ. ನಿಯಂತ್ರಣಶಾಸ್ತ್ರದಲ್ಲಿ ಈ ಚಪಲವನ್ನು ಹತ್ತಿಕ್ಕುವುದೇ ಲೇಸೆಂದು ನನ್ನ ಅಭಿಪ್ರಾಯ.

ಮೋಟಾರಿಗಾಗಲಿ ಕುಲುಮೆಗಾಗಲಿ ನಾವು ಕೊಡುವ ಪ್ರೇರಣೆಗೂ ಅದು ತೋರುವ ಪ್ರತಿಕ್ರಿಯೆಗೂ ಇರುವ ಸಂಬಂಧವನ್ನು ತಿಳಿಸುವ ಭಿನ್ನರಾಶಿಗೆ ಟ್ರಾನ್ಸ್‌ಫರ್ ಫಂಕ್ಷನ್ ಎಂದು ಹೆಸರು. ಅದರ ಛೇದದ ಒಂದೊಂದು ಆವರಣವೂ ಆ ಯಂತ್ರದ ಒಂದೊಂದು ಸ್ವಭಾವ. ಛೇದವನ್ನು ಸೊನ್ನೆಯಾಗಿಸುವ ಬೆಲೆಗೆ ಪೋಲ್ ಎನ್ನುವರು. ಅದು −೨ ಆದರೆ ಕ್ಷೋಭೆಯು ಮೆಲ್ಲನೆ ಅಡಗುವುದು. −೫ ಆದರೆ ಬೇಗನೆ ಅಡಗುವುದು. +೧ ಆದರೆ ಬೆಳೆಯುತ್ತಲೇ ಹೋಗುವುದು. ಆವರಣಗಳನ್ನು ಗುಣಿಸಿದೊಡನೆ ಈ ಅರ್ಥವೆಲ್ಲ ೭, ೧೦ ಎಂಬ ಮೂಕ ಅಂಕಿಗಳಲ್ಲಿ ಹುದುಗಿಹೋಗುವುದು.

ಇಂದು ಯಂತ್ರವನ್ನು ಕಟ್ಟುವ ಮೊದಲೇ ಮ್ಯಾಟ್‌ಲ್ಯಾಬ್‌ನಂತಹ ತಂತ್ರಾಂಶದಲ್ಲಿ ಅದರ ನಡತೆಯನ್ನು ಪರೀಕ್ಷಿಸುವರು. ಅಲ್ಲಿ ‘ಟಿಎಫ್’ ಎಂಬ ಆಜ್ಞೆಯು ಹರಡಿದ ಸಹಗುಣಕಗಳನ್ನು ಬೇಡುವುದು. ‘ಜೆಡ್‌ಪಿಕೆ’ ಎಂಬುದು ಅಂಶದ ಮೂಲಗಳನ್ನೂ ಛೇದದ ಮೂಲಗಳನ್ನೂ ಒಂದು ಹೊರಗುಣಕವನ್ನೂ ಬಿಡಿಬಿಡಿಯಾಗಿಯೇ ಸ್ವೀಕರಿಸುವುದು. ಎರಡನೆಯದರಲ್ಲಿ ಒಂದು ಎಚ್ಚರ ಬೇಕು. ಛೇದವು (೦.೧ ಎಸ್ + ೧) ಎಂದಿದ್ದರೆ ಅದರ ಮೂಲ −೧೦, ಆದರೆ ಆವರಣದಿಂದ ಹೊರಬಂದ ೦.೧ ಛೇದದಲ್ಲಿರುವುದರಿಂದ, ಹೊರಗುಣಕವನ್ನು ಹತ್ತರಷ್ಟು ಮಾಡಿ ಕೊಡಬೇಕು.

ಇದು ಬರಿಯ ಅನುಕೂಲದ ಮಾತಲ್ಲ. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ವಿಲ್ಕಿನ್‌ಸನ್ನರು ೧೯೬೩ರ ತಮ್ಮ ಗ್ರಂಥದಲ್ಲಿ, ೧ರಿಂದ ೨೦ರವರೆಗಿನ ಪೂರ್ಣಾಂಕಗಳನ್ನೇ ಮೂಲಗಳಾಗಿ ಉಳ್ಳ ಬಹುಪದವೊಂದನ್ನು ಪರಿಶೀಲಿಸಿದರು. ಹರಡಿ ಬರೆದಾಗ ೧೯ನೆಯ ಘಾತದ ಸಹಗುಣಕ −೨೧೦. ಅದರಿಂದ ಒಂದರ ೮೩,೮೮,೬೦೮ನೆಯ ಒಂದು ಭಾಗವನ್ನು ಕಳೆದರೆ ಸಾಕು, ೨೦ ಮೂಲಗಳಲ್ಲಿ ೧೦ ಸಂಮಿಶ್ರ ಸಂಖ್ಯೆಗಳಾಗಿಬಿಡುವುವು! ಕಂಪ್ಯೂಟರು ಅಂಕಿಗಳ ಬಾಲವನ್ನು ಎಲ್ಲಿಯೋ ಕತ್ತರಿಸಲೇಬೇಕು. ದೀರ್ಘವಾದ ಬಹುಪದದಲ್ಲಿ ಆ ಸಣ್ಣ ಕೊರತೆಯೇ ಅಸ್ಥಿರವಾದುದನ್ನು ಸ್ಥಿರವೆಂದು ತೋರಿಸಬಲ್ಲುದು.

ಇನ್ನು ಅಂಶದಲ್ಲಿಯೂ ಛೇದದಲ್ಲಿಯೂ (ಎಸ್ − ೧) ಇದ್ದರೆ, ಎರಡನ್ನೂ ಹೊಡೆದುಹಾಕಲು ಕೈ ತವಕಿಸುವುದು. ಹೊಡೆದ ಮೇಲೆ ಕಾಗದದಲ್ಲಿ ಯಂತ್ರವು ಸೌಮ್ಯವಾಗಿ ಕಾಣುವುದು. ಒಳಗಿನ ಕ್ಷೋಭೆ ಮಾತ್ರ ಬೆಳೆಯುತ್ತಲೇ ಇರುವುದು. ಬಿಡಿಯಾಗಿ ಬರೆದಿಟ್ಟರೆ ಆ ಅಪಾಯವು ಕಣ್ಣೆದುರಿಗೇ ಇರುವುದು. ಯಂತ್ರದ ಪಕ್ಕದಲ್ಲಿ ನಿಂತು ದುಡಿಯುವವನ ಕೈಕಾಲುಗಳ ಹೊಣೆ ಲೆಕ್ಕ ಬರೆದವನ ಮೇಲಿದೆ. ಅದಕ್ಕಾಗಿ ಎರಡು ಆವರಣಗಳನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ದೊಡ್ಡ ಶ್ರಮವೇನಲ್ಲ.