ಒಡಕು ತತ್ತಿಯ ಲೆಕ್ಕ

ನಿಟ್ಟುವಳ್ಳಿಯ ನಮ್ಮ ಹಳೇ ಬೇಕರಿಯನ್ನು ಹೋದ ತಿಂಗಳು ಕೆಡವಿದರು. ಜೆಸಿಬಿಗೆ ಮೊದಲು ಉರುಳಿದ್ದು ಭಟ್ಟಿ. ಅದರ ಹಿಂದಿದ್ದ ಕಡಪಾ ಕಲ್ಲಿನ ಕಟ್ಟೆ ಸಂಜೆಯವರೆಗೂ ನಿಂತಿತ್ತು.

"ಇಲ್ಲೇನ್ ಮಾಡ್ತಿದ್ರಿ ಅಜ್ಜಾರ?" ಎಂದು ಕಂಟ್ರಾಕ್ಟರ್ ಕಡೆಯ ಹುಡುಗ ಕೇಳಿದ.

"ತತ್ತಿ ಒಡೀತಿದ್ವಿ."

"ಅದೂ ಒಂದು ಕೆಲ್ಸಾನಾ?" ಎಂದು ನಕ್ಕ.

ಕೆಲಸವೇ. 1979ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿಗೆ ಸೇರಿದ ನಾನು ಎರಡು ವರ್ಷ ಮಾಡಿದ್ದು ಅದೊಂದೇ. ಹಿಟ್ಟು ಮುಟ್ಟಲು ಬಿಡುತ್ತಿರಲಿಲ್ಲ. ಕೇಕಿನ ಮಾಸ್ತರನ್ನು ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು. ಎರಡು ಕೈಗೂ ಒಂದೊಂದು ತತ್ತಿ ಹಿಡಿದು, ಲೋಟದ ಅಂಚಿಗೆ ಒಂದೇ ಏಟು ಕೊಟ್ಟು ಹೆಬ್ಬೆರಳಲ್ಲಿ ಸೀಳಿದರೆ ಚಿಪ್ಪಿನ ಚೂರು ಒಂದೂ ಬೀಳುತ್ತಿರಲಿಲ್ಲ. ಆ ಕೈ ಯಾರಿಗಾದರೂ ತಿಂಗಳಲ್ಲಿ ಕೂಡುತ್ತದೆ, ಮೂಗು ಕೂಡಲು ವರ್ಷ ಬೇಕು. ಮೊದಲು ಲೋಟಕ್ಕೆ ಒಡೆಯಬೇಕು, ಮೂಸಬೇಕು, ಆಮೇಲೆ ಬೋಗುಣಿಗೆ ಸುರಿಯಬೇಕು. ಒಂದು ದಿನ ಅವಸರಕ್ಕೆ ಬೋಗುಣಿಗೇ ನೇರ ಒಡೆದೆ. ತೊಂಬತ್ತರ ಮೇಲೆ ಬಿದ್ದದ್ದು ಕೊಳೆತದ್ದು. ಚಾಚಾ ಹೊಡೆಯಲಿಲ್ಲ. "ಮೂಗು ಮನೀಲಿ ಬಿಟ್ಟು ಬಂದೀಯೇನಲೇ?" ಎಂದು, ಅಷ್ಟನ್ನೂ ನನ್ನ ಕೈಯಲ್ಲೇ ಗಟಾರಕ್ಕೆ ಸುರಿಸಿದರು.

ಕಟ್ಟೆಯನ್ನು ತಣ್ಣೀರಲ್ಲೇ ತೊಳೆಯಬೇಕಿತ್ತು. ಬಿಸಿನೀರು ಹಾಕಿದರೆ ಲೋಳೆ ಬೆಂದು ಕಲ್ಲಿಗೆ ಅಂಟಿ ಕೂರುತ್ತದೆ. ಎಷ್ಟು ತಿಕ್ಕಿದರೂ ಆ ಹಸಿ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಅದರ ಮೇಲೆ ವೆನಿಲಾ ಎಸೆನ್ಸು, ಸೌದೆಯ ಹೊಗೆ. ಮೂರೂ ಕೂಡಿದ ಆ ವಾಸನೆ ಈಗ ಯಾವ ಬೇಕರಿಯಲ್ಲೂ ನನ್ನ ಮೂಗಿಗೆ ಬಡಿದಿಲ್ಲ.

ಸಂಜೆ ಚಾಚಾನ ಸೈಕಲ್ ಹಿಂದೆ ಕೂತು ತತ್ತಿ ವ್ಯಾಪಾರಿಯ ಅಂಗಡಿಗೆ ಹೋಗುತ್ತಿದ್ದೆ. ಹೊಸಪೇಟೆ ಕಡೆಯ ಫಾರಂ ಮಾಲು, ಬಿದಿರು ಬುಟ್ಟಿಯಲ್ಲಿ ಹುಲ್ಲು ಹಾಸಿ ಬರುತ್ತಿತ್ತು. ದಾರಿಯಲ್ಲಿ ಒಡಕು ಬೀಳದೇ ಇರುತ್ತದೆಯೇ? ಆ ಒಡಕಿಗೇ ಚಾಚಾ ಕಾಯುತ್ತಿದ್ದದ್ದು. ಎರಡು ತತ್ತಿಯನ್ನು ಮೆಲ್ಲಗೆ ತಾಗಿಸುತ್ತಿದ್ದರು. ಟಿಣ್ ಅಂದರೆ ಗಟ್ಟಿ, ಠಪ್ ಅಂದರೆ ಒಡಕು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಕುಲುಕಿದರೆ ಪಕ್ಕಕ್ಕೆ. "ಅರ್ಧ ರೇಟು" ಎಂದು ವ್ಯಾಪಾರಿ, "ಕಾಲು" ಎಂದು ಚಾಚಾ. ಕೊನೆಗೆ ಒಂದು ಬೀಡಿ ಹಚ್ಚಿ ನಡುವೆ ಎಲ್ಲೋ ಕುದುರುತ್ತಿತ್ತು.

1982ರಲ್ಲಿ ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ಕೋಳಿ ಸಾಕುವವರು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿ ತಾವೇ ದರ ಸಾರತೊಡಗಿದರು. ವ್ಯಾಪಾರಿಗಳ ಆಟಕ್ಕೆ ಕಡಿವಾಣ ಬಿತ್ತು, ಒಳ್ಳೆಯದೇ ಆಯಿತು. ಗಟ್ಟಿ ತತ್ತಿಗೆ "ಹೊಸಪೇಟೆ ರೇಟು" ಅಂತ ಒಂದು ಬಂದಮೇಲೆ ಚೌಕಾಸಿ ಉಳಿದದ್ದು ಒಡಕಿಗೆ ಮಾತ್ರ. ಮುಂದೆ ಮೂವತ್ತು ಗುಳಿಯ ಕಾಗದದ ಟ್ರೇ ಬಂದು ಒಡಕೂ ಕಡಿಮೆಯಾಯಿತು. ಬೀಡಿಯ ವ್ಯಾಪಾರ ಅಲ್ಲಿಗೆ ಮುಗಿಯಿತು.

ಈಗ ಒಡೆಯುವ ಕೆಲಸ ಯಂತ್ರದ್ದು. 1990ರ ದಶಕದಲ್ಲಿ ಹುಟ್ಟಿದ ಮಾಲೂರಿನ ಓವೋಬೆಲ್, ಈರೋಡಿನ ಎಸ್‌ಕೆಎಂ ಕಾರ್ಖಾನೆಗಳು ತತ್ತಿಯನ್ನು ಪುಡಿ ಮಾಡಿ ಹಡಗು ಹತ್ತಿಸುತ್ತವೆ. ಇಂಥ ಕಡೆ ಯಂತ್ರದ ಅಲಗು ಸಾಲು ಸಾಲು ತತ್ತಿ ಸೀಳುತ್ತದೆ, ಬಟ್ಟಲು ಹಳದಿಯನ್ನು ಹಿಡಿದುಕೊಂಡು ಬಿಳಿಯನ್ನು ಜಾರಿಸುತ್ತದೆ. ರಸವನ್ನು ಸೋಸಿ, ಅದು ಗಟ್ಟಿಯಾಗದಂತೆ 60 ಡಿಗ್ರಿಯ ಆಚೀಚೆ ಕೆಲವು ನಿಮಿಷ ಕಾಯಿಸಿ, ಬಿಸಿಗಾಳಿಗೆ ತುಂತುರಾಗಿ ಚಿಮ್ಮಿಸಿದರೆ ನೀರು ಹಾರಿ ಪುಡಿ ಉದುರುತ್ತದೆ. ತತ್ತಿಯ ಮುಕ್ಕಾಲು ಪಾಲು ನೀರೇ. ಕಿಲೋ ಪುಡಿಗೆ 80–90 ತತ್ತಿ ಬೇಕು. ಬಿಳಿಯೊಳಗಿನ ಚೂರು ಸಕ್ಕರೆಯನ್ನೂ ಮೊದಲೇ ತೆಗೆಯುತ್ತಾರಂತೆ, ಇಲ್ಲದಿದ್ದರೆ ಪುಡಿ ಕಂದುತ್ತದೆ. ಚಾಚಾ ಕೇಳಿದ್ದರೆ "ತತ್ತಿಯೊಳಗ ಸಕ್ಕರೆನಾ?" ಎಂದು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು.

ನಮ್ಮ ರಸ್ತೆಯ ಬೇಕರಿಗಳಿಗೆ ಆ ಪುಡಿಯೂ ಬೇಡ. ಬೋರ್ಡಿನ ತುಂಬ "ಎಗ್‌ಲೆಸ್". ಚೀಲದ ಪ್ರೀಮಿಕ್ಸಿಗೆ ನೀರು, ಎಣ್ಣೆ. ಹುಡುಗನಿಗೆ ಕತ್ತರಿ ಹಿಡಿಯಲು ಬಂದರೆ ಸಾಕು, ಕೇಕು ಹಾಸಿಗೆಯ ಹಾಗೆ ಉಬ್ಬುತ್ತದೆ. ರುಚಿಯೂ ಹಾಸಿಗೆಯದೇ. ಆಗ ಶ್ರಾವಣದಲ್ಲಿ ಕೇಕು ಬಿಟ್ಟು ಬನ್ನು ಒಯ್ಯುತ್ತಿದ್ದ ಜನ ಉಳಿದ ತಿಂಗಳು ಏನೂ ಕೇಳದೆ ತಿನ್ನುತ್ತಿದ್ದರು. ಈಗ ವರ್ಷವಿಡೀ ಶ್ರಾವಣ.

ಹೀಗೆ ಬೈಯುವ ಹಕ್ಕು ನನಗೆ ಎಷ್ಟಿದೆ? ಕೂದಲೆಳೆ ಬಿರುಕಿನದನ್ನಷ್ಟೇ ಆರಿಸುತ್ತಿದ್ದ ಚಾಚಾ, ಡಿಸೆಂಬರಿನ ಕೊನೆಯ ವಾರ ಸೋರುವುದನ್ನೂ ತರುತ್ತಿದ್ದರು. "ಭಟ್ಟಿ ಬೆಂಕಿಗೆ ಎಲ್ಲಾ ಸುಟ್ಟು ಹೋಗ್ತತಿ" ಎನ್ನುತ್ತಿದ್ದರು. ಬಿರುಕಿನಲ್ಲಿ ಹೇಲುಹೊಲಸು ಒಳಗಿಳಿದು ಏನೇನು ಬೆಳೆಯುತ್ತದೆಂದು ನಮಗೆ ಯಾರು ಹೇಳಿದ್ದರು? ಮೂಗಿಗೆ ಬಾರದ ವಿಷವೂ ಉಂಟು. ಕಾರ್ಖಾನೆಯ ಶಾಖಕ್ಕೆ ಅದು ಗೊತ್ತು, ನಮ್ಮ ಲೋಟಕ್ಕೆ ಗೊತ್ತಿರಲಿಲ್ಲ.

ಗೊತ್ತೇ ಇರಲಿಲ್ಲ ಎಂದರೂ ಸುಳ್ಳು. ತಂಗಿ ಎಸ್ಸೆಸ್ಸೆಲ್ಸಿ ಪಾಸಾದಾಗ ಮನೆಗೊಂದು ಕೇಕು ಬೇಕೆಂದೆ. ನಾನು ಎಂದಿನಂತೆ ಒಡಕಿನ ಬುಟ್ಟಿಗೆ ಕೈ ಹಾಕಿದ್ದೆ. ಚಾಚಾ ಕೈ ಹಿಡಿದರು. "ಮನೀಗಲ್ಲೇನಲೇ? ಆ ಟ್ರೇದಾಗಿನ ಗಟ್ಟಿವು ತಗೋ."

ತಗೊಂಡೆ. ಕೇಕು ಮನೆಯಲ್ಲಿ ಹಂಚಿದೆ. ಮರುದಿನ ಬೆಳಿಗ್ಗೆ ಊರಿನ ಕೇಕಿಗೆ ಒಡಕಿನ ಬುಟ್ಟಿ ಬಿಚ್ಚಿದೆ.